ಉದ್ಯೋಗ: ಇತರೆ

ನಮ್ಮ ಕಡೆ ಯಕ್ಷಗಾನ ಕಲಾವಿದನೊಬ್ಬ ಆಸ್ಪತ್ರೆ ಸೇರಿದರೆ ವಾರ ಕಳೆಯುವುದರೊಳಗೆ ಫ್ಲೆಕ್ಸು ಏಳುತ್ತದೆ. ಮೇಲೆ ಅವನ ಕಿರೀಟ ಕಟ್ಟಿದ ಫೋಟೊ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ, ನಡುವೆ ‘ಸಹಾಯಾರ್ಥ ಯಕ್ಷಗಾನ’ ಎಂಬ ದಪ್ಪ ಅಕ್ಷರ. ಇಂಥ ಆಟಗಳಲ್ಲಿ ಸಂಭಾವನೆ ಮುಟ್ಟದೆ ಎಷ್ಟೋ ರಾತ್ರಿ ಕುಣಿದಿದ್ದೇನೆ. ಕಿಡ್ನಿ ಹೋದ ಮದ್ದಳೆಗಾರರೊಬ್ಬರಿಗೆ, ಬೈಕಿನಿಂದ ಬಿದ್ದ ಸ್ತ್ರೀವೇಷದ ಹುಡುಗನಿಗೆ, ಪಾರ್ಶ್ವವಾಯು ಬಡಿದು ಮಾತು ನಿಂತ ಹಾಸ್ಯಗಾರರಿಗೆ. 2025ರ ಫೆಬ್ರವರಿಯಲ್ಲಿ ಆ ಫ್ಲೆಕ್ಸಿಗೆ ನನ್ನ ಫೋಟೊ ಬಂತು.

ನಾನು ಬಡಗುತಿಟ್ಟಿನ ಪುರುಷವೇಷಧಾರಿ. ಕುಂದಾಪುರದ ಹತ್ತಿರದ ಹಳ್ಳಿ, ವಯಸ್ಸು ನಲವತ್ತೇಳು. ಹದಿನೆಂಟಕ್ಕೆ ಮೇಳ ಸೇರಿದವನು, ಮಂಡಿ ಕೈಕೊಡಲು ಶುರುವಾದ ಮೇಲೆ ಮೇಳ ಬಿಟ್ಟೆ. ಬಡಗಿನ ವೇಷಕ್ಕೆ ಮಂಡಿ ಹಾಕಿ ಸುತ್ತದಿದ್ದರೆ ಜನ ಚಪ್ಪಾಳೆ ತಟ್ಟುವುದಿಲ್ಲ. ಆ ಚಪ್ಪಾಳೆಯ ಬೆಲೆ ಮೂಳೆ ಡಾಕ್ಟರ ಎಕ್ಸ್‌ರೇಯಲ್ಲಿ ಕಾಣುತ್ತದೆ. ಈಗ ಅತಿಥಿ ಕಲಾವಿದ. ಕರೆದಲ್ಲಿಗೆ ಹೋಗಿ, ಆಟವೊಂದಕ್ಕೆ ಇಷ್ಟು ಎಂದು ತೆಗೆದುಕೊಂಡು, ಬೆಳಿಗ್ಗೆ ಬೈಕು ಹತ್ತಿ ಮನೆಗೆ ಬರುವವನು. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮೇ ಕೊನೆಯ ಪತ್ತನಾಜೆಯವರೆಗೆ ಕೈಯಲ್ಲಿ ಕಾಸು ಓಡಾಡುತ್ತದೆ. ಆಮೇಲೆ ಮಳೆ. ಮಳೆಗಾಲದಲ್ಲಿ ಬೆಂಗಳೂರು, ಮುಂಬಯಿಯ ಸಭಾಭವನಗಳ ಆಟಗಳು ಸಿಕ್ಕರೆ ಸಿಕ್ಕಿದವು. ಇಲ್ಲದಿದ್ದರೆ ಮನೆಯ ಎರಡು ದನಗಳ ಹಾಲೇ ಗತಿ. ಹಾಲನ್ನು ಡೇರಿಗೆ ಹಾಕುವುದು ಹೆಂಡತಿ.

ಪೆಟ್ಟಾದದ್ದು ಜನವರಿಯ ಒಂದು ಬಯಲಾಟದಲ್ಲಿ. ರಂಗಸ್ಥಳದ ಹಲಗೆಯಿಂದ ಮೊಳೆಯೊಂದು ಮೇಲೆದ್ದಿತ್ತಂತೆ. ನನಗೆ ಗೊತ್ತಾಗಲಿಲ್ಲ. ಶುಗರ್ ಬಂದು ಆರು ವರ್ಷವಾಗಿತ್ತು, ಪಾದ ಅರ್ಧ ಜೋಮು ಹಿಡಿದಂತೆಯೇ ಇರುತ್ತಿತ್ತು. ಬೆಳಗಿನ ಜಾವ ಚೌಕಿಯಲ್ಲಿ ಗೆಜ್ಜೆ ಬಿಚ್ಚುವಾಗ ಬಣ್ಣದ ಪೆಟ್ಟಿಗೆಯ ಪಕ್ಕ ಕೂತಿದ್ದ ಹುಡುಗ “ಅಣ್ಣ, ಇದು ರಕ್ತ ಅಲ್ದಾ?” ಎಂದಾಗಲೇ ಕಂಡದ್ದು. ಅರಶಿನ ಹಚ್ಚಿ, ಬಟ್ಟೆ ಸುತ್ತಿ, ಮರುದಿನದ ಆಟಕ್ಕೂ ಹೋದೆ. ಒಪ್ಪಿಕೊಂಡ ಆಟ ಬಿಟ್ಟರೆ ಮುಂದಿನ ಕರೆ ಬರುವುದಿಲ್ಲ. ನಮ್ಮಲ್ಲಿ ರಜೆಯ ಅರ್ಜಿ ಯಾರಿಗೆ ಕೊಡುವುದು? ನಾಲ್ಕಾರು ದಿನದಲ್ಲಿ ಪಾದ ಊದಿ ನೀಲಿಯಾಗಿ, ಚಳಿಜ್ವರ ಬಂದು, ಭಾನುವಾರ ರಾತ್ರಿ ಖಾಸಗಿ ಆಸ್ಪತ್ರೆಯೊಂದರ ಮಂಚದ ಮೇಲಿದ್ದೆ. ಕೀವು ತುಂಬಿದ ಮಾಂಸವನ್ನು ಕತ್ತರಿಸಿ ತೆಗೆದರು. ಕಿರುಬೆರಳು ಹೋಯಿತು, ಪಾದ ಉಳಿಯಿತು. ಬಿಲ್ಲು 1 ಲಕ್ಷ 70 ಸಾವಿರದ ಹತ್ತಿರ.

ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಕೌಂಟರು ಇತ್ತು. ಹೆಂಡತಿ ರೇಷನ್ ಕಾರ್ಡು ಹಿಡಿದು ಹೋದಳು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ನಮಗೂ ಗೊತ್ತಿತ್ತು. ಕಂಪ್ಯೂಟರಿನಲ್ಲಿ ನೋಡಿದವರು, “ಅಕ್ಕ, ನಿಮ್ಮದು ಈಗ ಬಿಪಿಎಲ್ ಅಲ್ಲ” ಎಂದರು. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸರಿ, ಅದನ್ನಾದರೂ ಕೊಡಿ ಎಂದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು, ನೀವು ನೇರವಾಗಿ ಬಂದಿದ್ದೀರಿ ಎಂದರು. ಭಾನುವಾರ ರಾತ್ರಿ ನಡುಗುತ್ತಿದ್ದವನನ್ನು ಎತ್ತಿಕೊಂಡು ಬಂದವರಿಗೆ ಪತ್ರದ ನೆನಪು ಎಲ್ಲಿಂದ ಬರಬೇಕು. ಹೆಂಡತಿ ಪರ್ಸಿನಿಂದ ಮಣಿಪಾಲ ಆರೋಗ್ಯ ಕಾರ್ಡನ್ನೂ ತೆಗೆದು ತೋರಿಸಿದಳಂತೆ. ಅದು ಅವರದೇ ಆಸ್ಪತ್ರೆಗಳಲ್ಲಿ ರಿಯಾಯಿತಿ ಕೊಡುವ ಕಾರ್ಡು, ವಿಮೆಯಲ್ಲ. ನಾವಿದ್ದದ್ದು ಬೇರೆ ಕಡೆ.

ಬಿಪಿಎಲ್ ಹೋದ ಕತೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ನನ್ನೊಬ್ಬನ ಕತೆಯಲ್ಲ. 2023ರ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಕಂಪನಿಯ ವಾರ್ಷಿಕೋತ್ಸವಕ್ಕೆ ನಮ್ಮದೊಂದು ತಂಡ ಹೋಗಿತ್ತು. ಭಾಗವತರು, ಚೆಂಡೆ, ಮದ್ದಳೆ, ಆರು ವೇಷ, ಬಣ್ಣದವರು, ಗಾಡಿ ಎಲ್ಲ ಸೇರಿ 60 ಸಾವಿರ. ಯಾರಾದರೊಬ್ಬರ ಪ್ಯಾನ್ ಕೊಡಿ ಎಂದರು. ತಂಡ ಕಟ್ಟಿದವನು ನಾನು, ನನ್ನದು ಕೊಟ್ಟೆ. ಶೇಕಡ 10 ಟಿಡಿಎಸ್ ಎಂದು 6 ಸಾವಿರ ಹಿಡಿದು, ಉಳಿದದ್ದು ನನ್ನ ಖಾತೆಗೆ ಹಾಕಿದರು. ಹಂಚಿದ ಮೇಲೆ ನನಗೆ ಉಳಿದದ್ದು ನಾಲ್ಕೂವರೆ ಸಾವಿರ. ಅದೇ ವರ್ಷ ಇನ್ನೂ ಕೆಲವು ಕಡೆ ಹೀಗೆಯೇ ಆಯಿತು. ಹಿಡಿದ ತೆರಿಗೆ ವಾಪಸ್ ಬರಬೇಕಾದರೆ ರಿಟರ್ನ್ಸ್ ಹಾಕಲೇಬೇಕು. ಹಾಕಿದೆವು, ದುಡ್ಡೂ ಬಂತು, ಹಂಚಿಯೂ ಆಯಿತು. ಆದರೆ ಸರ್ಕಾರದ ಕಡತದಲ್ಲಿ ಚೆಂಡೆಯವರ ಸಂಭಾವನೆ, ಭಾಗವತರ ಸಂಭಾವನೆ, ಗಾಡಿಯ ಡೀಸೆಲ್ಲು ಎಲ್ಲ ನನ್ನ ಆದಾಯವಾಗಿ ಕೂತಿತು. 2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಕಾರ್ಡುಗಳ ಪರಿಶೀಲನೆಯಾಯಿತಲ್ಲ, ಆಗ ನನ್ನದೂ ಬದಲಾಯಿತು. ಗಲಾಟೆಯಾದ ಮೇಲೆ ಸರ್ಕಾರ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರದ್ದು ಬಿಟ್ಟು ಉಳಿದವರ ಕಾರ್ಡು ಮರಳಿ ಕೊಡುವುದಾಗಿ ಹೇಳಿತು. ನನ್ನದು ಮರಳಿದಾಗ ನಾನು ಊರುಗೋಲು ಬಿಟ್ಟು ನಡೆಯುತ್ತಿದ್ದೆ.

ಬಿಪಿಎಲ್ಲಿಗೆ ವರ್ಷದ ಆದಾಯ 1 ಲಕ್ಷ 20 ಸಾವಿರದ ಗೆರೆ. ತಿಂಗಳ ಸಂಬಳದವನು ಈ ಗೆರೆಯ ಆಚೆಗೋ ಈಚೆಗೋ ನಿಂತಿರುತ್ತಾನೆ. ನನ್ನಂಥವನು ಒಳ್ಳೆಯ ತಿರುಗಾಟದ ವರ್ಷ ಆಚೆಗೆ ಹೋಗಿ, ಕಾಲು ಉಳುಕಿದ ವರ್ಷ ಈಚೆಗೆ ಬಂದು ಬೀಳುತ್ತೇನೆ. ಕಾಯಿಲೆ ಬರುವ ವರ್ಷ ನಾನು ಬಡವ, ಆದರೆ ಕಡತ ನೋಡುವುದು ಹಿಂದಿನ ವರ್ಷವನ್ನು.

ಫೆಬ್ರವರಿಯ ಸಹಾಯಾರ್ಥ ಆಟಕ್ಕೆ ಮರಳುತ್ತೇನೆ. ಬೇಡ ಎಂದು ಹೇಳಿ ಕಳಿಸಿದ್ದೆ. ಹಿರಿಯ ಭಾಗವತರು ಮನೆಗೇ ಬಂದು, “ನೀ ಎಷ್ಟ್ ಜನಕ್ಕೆ ಕುಣಿದೆ, ಈಗ ನಿಂಗೆ ಕುಣುಕ್ ನಾವ್ ಆತಿಲ್ಲ್ಯಾ?” ಎಂದು ಗದರಿದರು. ಆಟದ ದಿನ ನನ್ನನ್ನು ಎದುರಿನ ಸಾಲಿನಲ್ಲಿ ಕೂರಿಸಿದರು, ಬ್ಯಾಂಡೇಜಿನ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು. ನಾನು ವರ್ಷಗಟ್ಟಲೆ ಮಾಡಿದ ಪಾತ್ರವನ್ನು ಇನ್ನೊಬ್ಬ ಮಾಡುತ್ತಿದ್ದ, ಚೆನ್ನಾಗಿಯೇ ಮಾಡಿದ. ಪ್ರಸಂಗದ ಮಧ್ಯೆ ಆಟ ನಿಲ್ಲಿಸಿ ನನ್ನನ್ನು ರಂಗಸ್ಥಳಕ್ಕೆ ಹತ್ತಿಸಿ, ಶಾಲು ಹೊದೆಸಿ, ಕವರು ಕೊಟ್ಟರು. ಮೈಕಿನಲ್ಲಿ ಒಬ್ಬರು ನನ್ನ ಶುಗರಿನ ವಿವರ, ಹೋದ ಬೆರಳಿನ ವಿವರ, ಮಗಳು ಹತ್ತನೇ ಕ್ಲಾಸೆಂಬ ವಿವರ ಎಲ್ಲವನ್ನೂ ಹೇಳಿದರು. ಮಗಳು ಸಭೆಯಲ್ಲೇ ಇದ್ದಳು, ತಲೆ ಎತ್ತಲಿಲ್ಲ. ಬಂದ ದುಡ್ಡು ಬಿಲ್ಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದಕ್ಕೆ ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವು. ಕೊಟ್ಟವರ ಮೇಲೆ ನನಗೆ ಇರುವುದು ಬರೀ ಋಣ. ಉಡುಪಿಯ ಯಕ್ಷಗಾನ ಕಲಾರಂಗ, ಮಂಗಳೂರಿನ ಪಟ್ಲ ಫೌಂಡೇಶನ್ ತರಹದ ಸಂಸ್ಥೆಗಳು ಕಲಾವಿದರಿಗೆ ಮನೆ ಕಟ್ಟಿಸಿಕೊಟ್ಟದ್ದನ್ನೂ ಕಣ್ಣಾರೆ ಕಂಡವನು. ಆದರೂ ಆ ರಾತ್ರಿ ಮನೆಗೆ ಬಂದವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: ಇನ್ನೊಮ್ಮೆ ನನ್ನ ಫೋಟೊ ಈ ತರ ಕಟ್ಟುವ ಹಾಗೆ ಆಗಬಾರದು.

ಯಕ್ಷಗಾನದವರು ವೇಷದಲ್ಲೇ ಹೋದರೆ ಪುಣ್ಯ ಎನ್ನುವವರಿದ್ದಾರೆ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ರಂಗಸ್ಥಳದಲ್ಲೇ ಅಸ್ವಸ್ಥರಾಗಿ ತೀರಿಕೊಂಡದ್ದನ್ನು ಇಂದಿಗೂ ಹಾಗೆಯೇ ನೆನೆಯುತ್ತಾರೆ. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತರ ಆಸುಪಾಸು. ನಾನು ಹತ್ತಿರದಿಂದ ಕಂಡವರು ಹೀಗೆ ಒಮ್ಮೆಲೇ ಹೋದವರಲ್ಲ. ಶುಗರು, ಬಿಪಿ, ಡಯಾಲಿಸಿಸ್ ಎಂದು ವರ್ಷಗಟ್ಟಲೆ ಎಳೆದವರು. ರಾತ್ರಿಯಿಡೀ ಎದ್ದಿರುವುದು, ಚೌಕಿಯಲ್ಲಿ ಹೊತ್ತಲ್ಲದ ಹೊತ್ತಿನ ಚಾ, ಹಗಲು ಬಿಸಿಲಿನಲ್ಲಿ ಅರೆನಿದ್ದೆ. ಇಪ್ಪತ್ತು ತಿರುಗಾಟ ಹೀಗೆ ಮಾಡಿದ ದೇಹ ಲೆಕ್ಕ ಕೇಳದೆ ಬಿಡುತ್ತದೆಯೆ?

ಯಾವಾಗ ಬೇಕಾದರೂ ಬದಲಾಗುವ ರೇಷನ್ ಕಾರ್ಡನ್ನು ನಂಬಿ ಕೂರದೆ ಏಪ್ರಿಲಿನಲ್ಲಿ ಇನ್ಶೂರೆನ್ಸ್ ಹುಡುಕಲು ಕೂತೆ. ಇಎಸ್‌ಐ ನಮಗಲ್ಲ, ಅದು 21 ಸಾವಿರದೊಳಗಿನ ಸಂಬಳದ ನೌಕರರಿಗೆ, ಧಣಿಯೇ ಇಲ್ಲದವರಿಗೆ ಅಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕತ್ತರಿಸುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇತ್ತು. ಅಪಘಾತದಲ್ಲಿ ಸತ್ತರೆ, ಕೈಕಾಲು ಹೋದರೆ ಅದು 2 ಲಕ್ಷದವರೆಗೆ ಕೊಡುತ್ತದೆ, ಆಸ್ಪತ್ರೆ ಬಿಲ್ಲು ಕಟ್ಟುವುದಿಲ್ಲ. ಹಾಗಾಗಿ ಪೇಟೆಯ ಏಜೆಂಟರೊಬ್ಬರ ಹತ್ತಿರ ಹೋದೆ. ನನ್ನ ಅಭಿಮಾನಿಯೇ ಅವರು, ಚಾ ತರಿಸಿದರು. ಲ್ಯಾಪ್‌ಟಾಪಿನಲ್ಲಿ ಉದ್ಯೋಗ ಎಂಬ ಕಾಲಂ ಬಂತು. ಸಂಬಳದಾರ, ವ್ಯಾಪಾರಿ, ಕೃಷಿಕ, ಗೃಹಿಣಿ, ವಿದ್ಯಾರ್ಥಿ ಎಲ್ಲ ಇದ್ದರು. “ಹ್ವಾಯ್, ಇದ್ರಗೆ ಯಕ್ಷಗಾನ ಅಂದೇಳಿ ಇಲ್ಲ ಮಾರಾಯ್ರೆ” ಎಂದು ‘ಇತರೆ’ ಒತ್ತಿದರು. ಆಮೇಲೆ ಕೆಲಸದಲ್ಲಿ ಅಪಾಯ ಉಂಟೇ ಎಂಬ ಪ್ರಶ್ನೆ. ಇಲ್ಲ ಎಂದು ಅವರೇ ಒತ್ತಿಬಿಟ್ಟರು. ನನಗೆ ನಗು ಬಂತು. ನಿದ್ದೆಗೆಟ್ಟು ಘಾಟಿ ರಸ್ತೆಯಲ್ಲಿ ಬೈಕು ಓಡಿಸುವವನಿಗೆ, ಬರಿಗಾಲಲ್ಲಿ ಹಲಗೆ ಮೇಲೆ ಕುಣಿಯುವವನಿಗೆ ಅಪಾಯವಿಲ್ಲ!

ಕಾಯಿಲೆಯ ಪುಟಕ್ಕೆ ಬಂದಾಗ ದನಿ ತಗ್ಗಿಸಿದರು. “ಶುಗರ್ ಇತ್ತ್ ಅಂದೇಳಿ ಬರೀಕಂತಿಲ್ಲ. ಯಾರ್ ಕಾಂತ್ರ್?” ಕಾಂಬವರು ಇದ್ದಾರೆ ಎಂದು ನನಗೆ ಗೊತ್ತಿತ್ತು. ನಮ್ಮದೇ ಮೇಳದ ಹಿಂದಿನ ಜೊತೆಗಾರರೊಬ್ಬರು ಹೀಗೆ ಮುಚ್ಚಿಟ್ಟು ಪಾಲಿಸಿ ಮಾಡಿಸಿ, ಎರಡನೇ ವರ್ಷ ಹೃದಯದ ಚಿಕಿತ್ಸೆಗೆ ಕ್ಲೇಮ್ ಹಾಕಿದಾಗ ಕಂಪನಿಯವರು ಹಳೆಯ ಔಷಧಿ ಚೀಟಿಗಳನ್ನು ಹುಡುಕಿ ತೆಗೆದಿದ್ದರು. ಕ್ಲೇಮೂ ಹೋಯಿತು, ಪಾಲಿಸಿಯೂ ಹೋಯಿತು. ಐದು ವರ್ಷ ಬಿಡದೆ ಕಟ್ಟಿದ ಮೇಲೆ ಮಾತ್ರ, ವಂಚನೆ ಸಾಬೀತಾಗದ ಹೊರತು, ಕಂಪನಿ ಅಂಥ ತಕರಾರು ತೆಗೆಯುವಂತಿಲ್ಲ. ಮೊದಲು ಇದು ಎಂಟು ವರ್ಷವಿತ್ತು, ವಿಮಾ ನಿಯಂತ್ರಕರಾದ ಐಆರ್‌ಡಿಎಐ 2024ರಲ್ಲಿ ಇಳಿಸಿತು. ನಾನು ಎಲ್ಲವನ್ನೂ ಬರೆಸಿದೆ: ಶುಗರು, ಮಾತ್ರೆಗಳ ಹೆಸರು, ಹೋದ ಬೆರಳು. ಏಜೆಂಟರ ಮುಖ ಸಣ್ಣದಾಯಿತು. ಬರೆಸಿದ್ದಕ್ಕೆ ಫಲವೂ ಬೇಗ ಸಿಕ್ಕಿತು. ಒಂದು ಕಂಪನಿ ರಕ್ತ ಪರೀಕ್ಷೆಯ ನಂತರ ಎರಡು ಸಾಲಿನ ಈಮೇಲಿನಲ್ಲಿ ‘ಸಾಧ್ಯವಿಲ್ಲ’ ಎಂದಿತು. ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಮತ್ತೊಂದು ಒಪ್ಪಿತು: ಮೂವರಿಗೆ 5 ಲಕ್ಷದ ಪಾಲಿಸಿಗೆ ವರ್ಷಕ್ಕೆ 28 ಸಾವಿರ, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಅಂದರೆ 33 ಸಾವಿರ ದಾಟಿತು. ಮೇಲಾಗಿ ಪ್ರತಿ ಬಿಲ್ಲಿನ ಶೇಕಡ 20 ನಮ್ಮದೇ ಕೈಯಿಂದ. ಬಳೆ ಇನ್ನೂ ಸೊಸೈಟಿಯಲ್ಲೇ ಇತ್ತು.

ಅಗ್ಗದ ಪಾಲಿಸಿಯೊಂದು ಸಿಕ್ಕಿತ್ತು, 3 ಲಕ್ಷದ್ದು. ಅದನ್ನು ತೆಗೆದುಕೊಂಡುಬಿಡುತ್ತಿದ್ದೆನೋ ಏನೋ, ಆದರೆ ಮಗಳು ಇಡೀ ಪಾಲಿಸಿ ಪತ್ರವನ್ನು ಫೋನಿನಲ್ಲಿ ಓದಿದಳು. ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇಕಡ 1, ಅಂದರೆ ದಿನಕ್ಕೆ 3 ಸಾವಿರ. ಅದರಲ್ಲೇನು, ಮೇಲಿನ ದುಡ್ಡು ನಾವು ಹಾಕಿದರಾಯಿತು ಎಂದೆ. ಹಾಗಲ್ಲ ಅಪ್ಪ ಎಂದು ಲೆಕ್ಕ ಮಾಡಿ ತೋರಿಸಿದಳು. 3 ಸಾವಿರದ ಮಿತಿಯವನು 5 ಸಾವಿರದ ಕೊಠಡಿ ಹಿಡಿದರೆ ಬಾಡಿಗೆಯಲ್ಲಿ ಮಾತ್ರವಲ್ಲ, ಡಾಕ್ಟರ ಶುಲ್ಕ, ಆಪರೇಷನ್ ಥಿಯೇಟರಿನ ಖರ್ಚಿನಲ್ಲೂ ಅದೇ ಪ್ರಮಾಣ ಕತ್ತರಿಸುತ್ತಾರೆ. ನೂರಕ್ಕೆ ಅರವತ್ತೇ ಬರುವುದು. ಔಷಧಿ, ಪರೀಕ್ಷೆಗಳಿಗೆ ಈ ಕತ್ತರಿ ಇಲ್ಲವಂತೆ, ಅಷ್ಟು ಸಮಾಧಾನ. ಜ್ವರದಲ್ಲಿ ನಡುಗುವಾಗ ಜನರಲ್ ವಾರ್ಡು ತುಂಬಿದೆ ಎಂದರೆ ಸಿಕ್ಕ ಕೊಠಡಿಗೆ ಹೋಗುವವರು ನಾವು. ಆ ಹೊತ್ತಿನಲ್ಲಿ ಯಾರು ಶೇಕಡಾವಾರು ನೋಡುತ್ತಾರೆ? ಇದನ್ನು ಏಜೆಂಟರು ಹೇಳಿರಲಿಲ್ಲ. ಅವರಿಗೇ ಗೊತ್ತಿತ್ತೋ ಇಲ್ಲವೋ.

ಮಗಳೇ ಆರೋಗ್ಯ ಸಂಜೀವಿನಿಯನ್ನು ಕಂಡುಹಿಡಿದಳು. 2020ರ ಏಪ್ರಿಲಿನಿಂದ ಆರೋಗ್ಯ ವಿಮೆ ಮಾರುವ ಕಂಪನಿಗಳೆಲ್ಲ ಇದನ್ನು ಮಾರಲೇಬೇಕೆಂದು ಐಆರ್‌ಡಿಎಐ ಗೊತ್ತುಮಾಡಿದೆ. ಎಲ್ಲರಲ್ಲೂ ಷರತ್ತು ಒಂದೇ, ಪ್ರೀಮಿಯಂ ಮಾತ್ರ ಬೇರೆ ಬೇರೆ. ಹಾಗಾಗಿ ಹೋಲಿಸಿ ನೋಡುವುದು ನಮ್ಮಂಥವರಿಗೂ ಸಾಧ್ಯ. ಕೊಠಡಿಗೆ ಶೇಕಡ 2, ಗರಿಷ್ಠ 5 ಸಾವಿರ. ಬಿಲ್ಲಿನ ಶೇಕಡ 5 ನಮ್ಮ ಪಾಲು. ಶುಗರಿನವನೆಂದು ಹೆಚ್ಚುವರಿ ಹಾಕಿಯೂ ಒಂದು ಕಂಪನಿಯಲ್ಲಿ ಮೂವರಿಗೆ 21 ಸಾವಿರ ಚಿಲ್ಲರೆಗೆ ಬಂತು, ತೆರಿಗೆ ಬೇರೆ. ಮೊದಲಿನಿಂದ ಇರುವ ಕಾಯಿಲೆಗೆ ಮೂರು ವರ್ಷ ಕಾಯಬೇಕು, ಮಂಡಿ ಸವೆದು ಬದಲಿಸುವುದಕ್ಕೂ ಮೂರು ವರ್ಷ. ಅಂದರೆ ನನ್ನ ದೇಹದಲ್ಲಿ ಕೆಟ್ಟಿರುವ ಎರಡಕ್ಕೂ ಸದ್ಯ ಇದು ಬರುವುದಿಲ್ಲ. ಡೆಂಗಿ ಬಂದರೆ, ಬೈಕಿನಿಂದ ಬಿದ್ದರೆ, ಹೆಂಡತಿ ಮಗಳಿಗೆ ಏನಾದರೂ ಆದರೆ ಬರುತ್ತದೆ. ನಮ್ಮ ಮನೆಯಲ್ಲಿ ಇದರ ಮೇಲೆ ದೊಡ್ಡ ವಾದವೇ ಆಯಿತು. ಹುಷಾರಿಲ್ಲದ್ದಕ್ಕೆ ಕೊಡದ ಇನ್ಶೂರೆನ್ಸ್ ಎಂಥದ್ದು ಎಂದು ಹೆಂಡತಿ, ಮೂರು ವರ್ಷ ಇವತ್ತೇ ಶುರುವಾದರೆ ಬೇಗ ಮುಗಿಯುತ್ತದೆ ಎಂದು ಮಗಳು. ಮಗಳ ಮಾತು ನಡೆಯಿತು.

ಸೆಪ್ಟೆಂಬರಿನ ಮೊದಲ ವಾರ ಜಿಎಸ್‌ಟಿ ತೆಗೆಯುತ್ತಾರೆಂಬ ಸುದ್ದಿ ಬಂತು. ತಡೆದು ನಿಂತೆವು. 22ನೇ ತಾರೀಕಿನಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲವಾಯಿತು, ಆ ವಾರವೇ ಕಟ್ಟಿದೆವು. ಸುಮಾರು 4 ಸಾವಿರ ಉಳಿಯಿತು. ಆ ಹಣದಲ್ಲಿ ಬಳೆಯ ಬಡ್ಡಿ ಕಟ್ಟಿದೆ.

ಇಷ್ಟೆಲ್ಲದರ ನಡುವೆ ಮನೆಯ ಅಂಗಳದಲ್ಲೇ ಇದ್ದ ದಾರಿ ಕಡೆಗೆ ಗೊತ್ತಾಯಿತು. ಡೇರಿಯ ಕಾರ್ಯದರ್ಶಿ ಹೆಂಡತಿಗೆ, “ಅಕ್ಕ, ಯಶಸ್ವಿನಿ ಮಾಡ್ಸಿದ್ರ್ಯಾ?” ಎಂದು ಕೇಳಿದರಂತೆ. ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗಿರುವ ಯೋಜನೆ. ಡಾ. ದೇವಿ ಶೆಟ್ಟಿಯವರ ಕಲ್ಪನೆ, 2003ರಲ್ಲಿ ಶುರುವಾದದ್ದು, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿ ನಿಂತುಹೋಗಿ, 2022ರಲ್ಲಿ ಮತ್ತೆ ಎದ್ದದ್ದು. ಗ್ರಾಮೀಣ ಸಂಘದ ಸದಸ್ಯರಾದರೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ, ಅದು ಸರಿಯೇ. ಆದರೂ 500 ರೂಪಾಯಿ! ಇಪ್ಪತ್ತೊಂಬತ್ತು ವರ್ಷ ಕುಣಿದ ನನ್ನನ್ನು ಯಾವ ಕಾಲಂ ಗುರುತಿಸಲಿಲ್ಲ, ಎರಡು ದನ ಕಟ್ಟಿದ ಹೆಂಡತಿಯನ್ನು ಗುರುತಿಸಿತು. ನಾನೀಗ ಯಶಸ್ವಿನಿಯಲ್ಲಿ ಹಾಲು ಉತ್ಪಾದಕರ ಗಂಡ.

ಅದರಲ್ಲೂ ಒಂದು ತೊಡಕು. ನೋಂದಣಿ ವರ್ಷದ ಕೊನೆಗೆ, ನಾನು ತಿರುಗಾಟದಲ್ಲಿರುವ ಹೊತ್ತು, ಮತ್ತು ಅದನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಹಾಗಾಗಿ ನನ್ನ ಆಧಾರ್, ಫೋಟೊ, ರೇಷನ್ ಕಾರ್ಡಿನ ಪ್ರತಿ ಎಲ್ಲ ಡೇರಿಯ ಪಾಸ್‌ಬುಕ್ಕಿನ ಜೊತೆ ಹೆಂಡತಿಯ ಹತ್ತಿರವೇ ಇವೆ. ಪಾಲಿಸಿಯ ನವೀಕರಣ ಬರುವುದು ಸೆಪ್ಟೆಂಬರಿನಲ್ಲಿ, ಕೈ ಪೂರ್ತಿ ಖಾಲಿಯಾದ ತಿಂಗಳಲ್ಲಿ. ಅದಕ್ಕೆ ಸೊಸೈಟಿಯಲ್ಲಿ ಪಿಗ್ಮಿ ತೆರೆದೆ. 1928ರಲ್ಲಿ ಟಿ.ಎಂ.ಎ. ಪೈಯವರು ಎರಡಾಣೆಯಿಂದ ಶುರುಮಾಡಿದ ಈ ಉಳಿತಾಯ ನಮ್ಮ ಜಿಲ್ಲೆಯವರ ರಕ್ತದಲ್ಲೇ ಇದೆ. ತಿರುಗಾಟದ ಆರೂವರೆ ತಿಂಗಳು ದಿನಕ್ಕೆ 110 ರೂಪಾಯಿ ಹಾಕಿದರೆ ಪ್ರೀಮಿಯಂ ಆಗುತ್ತದೆ. ಆಟವಿಲ್ಲದ ದಿನ ಪಿಗ್ಮಿಯವರು ಬಂದರೆ ಹೆಂಡತಿ ಹಾಲಿನ ದುಡ್ಡಿನಿಂದ ಕೊಡುತ್ತಾಳೆ, ಆಮೇಲೆ ನನ್ನಿಂದ ವಸೂಲಿ ಮಾಡುತ್ತಾಳೆ.

ಈಗ ಚೌಕಿಯಲ್ಲಿ ಬಣ್ಣ ಹಚ್ಚುತ್ತ ಕೂತಾಗ ಹುಡುಗರು ಕೇಳುತ್ತಾರೆ, ಎಂಥ ಮಾಡ್ಸಿದ್ರಿ, ಎಷ್ಟಾಯ್ತು ಎಂದು. ಮೊದಲು ನಾನು ಕೇಳುವುದು ಮನೆಯಲ್ಲಿ ಯಾರಾದರೂ ಡೇರಿಗೆ ಹಾಲು ಹಾಕುತ್ತಾರೋ, ಸೊಸೈಟಿಯ ಸದಸ್ಯತ್ವ ಯಾರ ಹೆಸರಿನಲ್ಲಿದೆ ಎಂದು. ಆಮೇಲೆ ತಂಡದ ದುಡ್ಡು ಒಬ್ಬನ ಖಾತೆಗೆ ಹಾಕಿಸಿಕೊಳ್ಳಬೇಡಿ, ಚೆಕ್ಕು ಪ್ರತಿಯೊಬ್ಬರ ಹೆಸರಿಗೆ ಕೇಳಿ ಎನ್ನುತ್ತೇನೆ. ಹಾಗೆ ಕೇಳಿದ ಒಂದು ತಂಡಕ್ಕೆ ಈ ಮಳೆಗಾಲ ಕಾರ್ಯಕ್ರಮವೇ ತಪ್ಪಿತು. ಹತ್ತು ಚೆಕ್ಕು ಬರೆಯುವ ರಗಳೆ ಬೇಡವೆಂದು ಸಂಘಟಕರು ಬೇರೆ ತಂಡವನ್ನು ಕರೆಸಿದರು.